ಪಾಲು ಸಿಗದ ಐದನೇ ಮಗ: ಅಡ್ಮಿರಲ್ ಕೀತ್ ಮೇಲೆ ಬಂದ ದಾರಿ

ನಮ್ಮ ಕಡೆ ಅಪ್ಪನ ಆಸ್ತಿ ಅಂದರೆ ಎಲ್ಲರೂ ಪಾಲು ಕೇಳುತ್ತಾರೆ. ಎರಡೆಕರೆ ಇದ್ದರೂ ನಾಲ್ಕು ಭಾಗ ಆಗುತ್ತದೆ. ಜಗಳ ಬಿದ್ದರೆ ಕೋರ್ಟು ಇದ್ದೇ ಇದೆ. 18ನೇ ಶತಮಾನದ ಸ್ಕಾಟ್ಲೆಂಡಿನ ಬಿರುದು ಹೊತ್ತ ಮನೆತನಗಳಲ್ಲಿ ಈ ರಗಳೆಯೇ ಇರಲಿಲ್ಲ. ಬಿರುದು, ಕೋಟೆ, ಜಮೀನು ಎಲ್ಲವೂ ಹಿರಿಮಗನಿಗೆ. ತಮ್ಮಂದಿರಿಗೆ ಒಳ್ಳೆಯ ಹೆಸರು, ದೊಡ್ಡ ನೆಂಟಸ್ತನ, ಖಾಲಿ ಜೇಬು. ಲಾರ್ಡ್ ಮಗ ಅನ್ನಿಸಿಕೊಂಡು ಓಡಾಡಬಹುದಿತ್ತು. ಹೊಟ್ಟೆಪಾಡಿಗೆ ಬೇರೆ ದಾರಿ ನೋಡಿಕೊಳ್ಳಬೇಕಿತ್ತು.

ಆ ದಾರಿಗಳೂ ಜಾಸ್ತಿ ಇರಲಿಲ್ಲ. ವಕೀಲಿಕೆ, ಚರ್ಚು, ಸೇನೆ, ನೌಕಾಪಡೆ, ಇಲ್ಲವೇ ಈಸ್ಟ್ ಇಂಡಿಯಾ ಕಂಪನಿ. ಸೇನೆಯಲ್ಲಿ ಅಧಿಕಾರಿಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ನೌಕಾಪಡೆಯಲ್ಲಿ ಹುದ್ದೆ ಮಾರಾಟಕ್ಕಿರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ವಶೀಲಿ. ವಂಶ ದೊಡ್ಡದು, ಗಂಟು ಸಣ್ಣದು ಅನ್ನುವಂಥ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುತ್ತಿರಲಿಲ್ಲ.

ಜಾರ್ಜ್ ಕೀತ್ ಎಲ್ಫಿನ್‌ಸ್ಟನ್ ಅಂಥದ್ದೇ ಮನೆಯ ಹುಡುಗ. ಹತ್ತನೇ ಲಾರ್ಡ್ ಎಲ್ಫಿನ್‌ಸ್ಟನ್‌ನ ಐದನೇ ಮಗ. ಹದಿನೈದನೇ ವಯಸ್ಸಿಗೆ ಹಡಗು ಹತ್ತಿದ. ಅರವತ್ತೊಂಬತ್ತನೇ ವಯಸ್ಸಿನಲ್ಲಿ ನೆಪೋಲಿಯನ್ ಎದುರು ನಿಂತು, ನಿಮ್ಮನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ಕಳಿಸುತ್ತಿದ್ದೇವೆ ಎಂದು ತಿಳಿಸಿದ. ಇಷ್ಟಾದರೂ ಅವನ ಹೆಸರು ಕೇಳಿದವರು ಕಡಿಮೆ. ಬ್ರಿಟನ್ನಿನ ಹೆಸರಾಂತ ಅಡ್ಮಿರಲ್ ನೆಲ್ಸನ್‌ನ ಹಾಗೆ ಸಮುದ್ರದ ಮೇಲೆ ದೊಡ್ಡ ಕಾಳಗವೊಂದನ್ನೂ ಅವನು ಗೆಲ್ಲಲಿಲ್ಲ. ನನಗೆ ಇವನ ಬದುಕು ಹಿಡಿಸೋದು ಅದೇ ಕಾರಣಕ್ಕೆ. ನೆಲ್ಸನ್ ಕಥೆ ಓದಿದರೆ ನೆಲ್ಸನ್ ಗೊತ್ತಾಗುತ್ತಾನೆ. ಇವನ ಕಥೆ ಓದಿದರೆ ಆ ಕಾಲದ ಬ್ರಿಟಿಷ್ ನೌಕಾಪಡೆ ದಿನನಿತ್ಯ ಹೇಗೆ ನಡೆಯುತ್ತಿತ್ತು, ಅದರಲ್ಲಿ ಒಬ್ಬ ಮನುಷ್ಯ ಹೇಗೆ ಮೇಲೆ ಬರುತ್ತಿದ್ದ ಅನ್ನೋದು ಗೊತ್ತಾಗುತ್ತದೆ.

ಹೆಸರಿನ ಗೊಂದಲ ಮೊದಲೇ ಬಿಡಿಸಿಬಿಡೋಣ. 1797ರವರೆಗೆ ಇವನು ಎಲ್ಫಿನ್‌ಸ್ಟನ್. ಆ ವರ್ಷ ಸ್ವಂತಕ್ಕೆ ಬಿರುದು ಬಂತು, ಅಲ್ಲಿಂದ ಮುಂದೆ ಲಾರ್ಡ್ ಕೀತ್. ಇಬ್ಬರೂ ಒಬ್ಬನೇ. ಸಲೀಸಾಗಲಿ ಅಂತ ನಾನು ಎಲ್ಲ ಕಡೆ ಕೀತ್ ಎಂದೇ ಬರೆಯುತ್ತೇನೆ.

ದಂಗೆಯ ನಡುವೆ ಹುಟ್ಟಿದವ

ಕೀತ್ ಹುಟ್ಟಿದ್ದು 1746ರ ಜನವರಿ 7ರಂದು, ಸ್ಟರ್ಲಿಂಗ್ ಸಮೀಪದ ಎಲ್ಫಿನ್‌ಸ್ಟನ್ ಟವರ್‌ನಲ್ಲಿ. ಆ ದಿನಗಳಲ್ಲಿ ಅಲ್ಲಿ ಯುದ್ಧ ನಡೆಯುತ್ತಿತ್ತು. ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಸಿಂಹಾಸನಕ್ಕೆ ತರಬೇಕೆಂದು ಎದ್ದಿದ್ದ ಜಾಕೊಬೈಟ್ ದಂಗೆಕೋರರು ಸ್ಟರ್ಲಿಂಗ್ ಕೋಟೆಗೆ ಮುತ್ತಿಗೆ ಹಾಕುವುದರಲ್ಲಿದ್ದರು. ಮಗು ಹುಟ್ಟಿ ಹತ್ತು ದಿನಕ್ಕೆ ಪಕ್ಕದ ಫಾಲ್ಕರ್ಕ್‌ನಲ್ಲಿ ಕಾಳಗ ನಡೆದು ದಂಗೆಕೋರರು ಗೆದ್ದರು. ಏಪ್ರಿಲ್‌ನಲ್ಲಿ ಕಲೋಡನ್‌ನಲ್ಲಿ ಸೋತು ಸರ್ವನಾಶವಾದರು.

ಈ ದಂಗೆಯ ನೆರಳು ಕೀತ್‌ನ ಮನೆಯೊಳಗೂ ಇತ್ತು. ಅವನ ತಾಯಿ ಕ್ಲೆಮೆಂಟಿನಾಳ ಸೋದರಮಾವ ಜಾರ್ಜ್ ಕೀತ್, ಸ್ಕಾಟ್ಲೆಂಡಿನ ಕೊನೆಯ ಅರ್ಲ್ ಮಾರಿಶಲ್. 1715ರ ದಂಗೆಯಲ್ಲಿ ಸೇರಿ, ಬಿರುದು ಆಸ್ತಿ ಎಲ್ಲ ಕಳೆದುಕೊಂಡು ಯುರೋಪಿಗೆ ಓಡಿಹೋಗಿದ್ದವನು. ಅಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್‌ಗೆ ಹತ್ತಿರದವನಾದ. ಬ್ರಿಟಿಷ್ ದೊರೆ ಅವನನ್ನು ಕ್ಷಮಿಸಿದ್ದು 1759ರಲ್ಲಿ. ಹುಡುಗನಿಗೆ ಇಟ್ಟದ್ದು ಈ ದೇಶಭ್ರಷ್ಟ ಅಜ್ಜನ ಹೆಸರನ್ನೇ. ಆ ಹೆಸರು ಸುಮ್ನೆ ಹೋಗಲಿಲ್ಲ. ಮುಂದೆ ದುಡ್ಡಾಗಿ ವಾಪಸ್ ಬಂತು.

ಸಮುದ್ರ ಆ ಮನೆಗೆ ಹೊಸದಲ್ಲ. ಅಣ್ಣ ಚಾರ್ಲ್ಸ್ ಆಗಲೇ ನೌಕಾಪಡೆ ಸೇರಿದ್ದ. 1758ರಲ್ಲಿ ಪ್ರಿನ್ಸ್ ಜಾರ್ಜ್ ಎಂಬ ಹಡಗು ಬಿಸ್ಕೆ ಕೊಲ್ಲಿಯ ಕಡೆ ನಡುನೀರಿನಲ್ಲಿ ಹೊತ್ತಿ ಉರಿಯಿತು. ಸತ್ತ ನೂರಾರು ಜನರಲ್ಲಿ ಚಾರ್ಲ್ಸ್ ಕೂಡ ಒಬ್ಬ. ಇನ್ನೊಬ್ಬ ಅಣ್ಣ ವಿಲಿಯಂ ನೌಕಾಪಡೆ ಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿದ. ಇಷ್ಟೆಲ್ಲ ಕಂಡ ಮೇಲೂ 1761ರಲ್ಲಿ ಐದನೆಯವನನ್ನು ಯುದ್ಧನೌಕೆಗೆ ಕಳಿಸಿದರು. ಬೇರೆ ದಾರಿ ಏನಿತ್ತು?

ಸೇರಿದ ಹಡಗು ಗಾಸ್ಪೋರ್ಟ್. ಕ್ಯಾಪ್ಟನ್ ಜಾನ್ ಜರ್ವಿಸ್. ಮುಂದೆ ಸೇಂಟ್ ವಿನ್ಸೆಂಟ್ ಎಂಬ ಬಿರುದಿನಿಂದ ಬ್ರಿಟನ್ನಿನ ಅತ್ಯಂತ ಕಟ್ಟುನಿಟ್ಟಿನ ಅಡ್ಮಿರಲ್ ಎನಿಸಿಕೊಂಡವನು. ಸುಮಾರು ನಲವತ್ತು ವರ್ಷದ ನಂತರ ಮೆಡಿಟರೇನಿಯನ್‌ನಲ್ಲಿ ಈ ಗುರುವಿನ ಜಾಗಕ್ಕೆ ಬಂದು ಕೂತದ್ದು ಇದೇ ಶಿಷ್ಯ.

ಮೇಲೆ ಹತ್ತುವ ಏಣಿ

ಈ ನೌಕಾಪಡೆಯ ಬಡ್ತಿ ಪದ್ಧತಿ ಸ್ವಲ್ಪ ವಿಚಿತ್ರ. ಇದು ಅರ್ಥವಾದರೆ ಮಿಕ್ಕಿದ್ದೆಲ್ಲ ಅರ್ಥವಾಗುತ್ತದೆ.

ಹುಡುಗ ಮೊದಲು ಯಾರಾದರೂ ಕ್ಯಾಪ್ಟನ್‌ನ ಕೃಪೆಯಿಂದ ಹಡಗು ಸೇರುತ್ತಿದ್ದ. ಆರು ವರ್ಷ ಸಮುದ್ರದಲ್ಲಿ ಕಳೆದು, ಹಿರಿಯ ಅಧಿಕಾರಿಗಳ ಎದುರು ಮೌಖಿಕ ಪರೀಕ್ಷೆ ಪಾಸು ಮಾಡಬೇಕಿತ್ತು. ಹಾಯಿ, ಹಗ್ಗ, ನಕ್ಷತ್ರದ ಲೆಕ್ಕ ಗೊತ್ತಿಲ್ಲದಿದ್ದರೆ ಲಾರ್ಡ್ ಮಗನನ್ನೂ ಫೇಲ್ ಮಾಡಬಹುದಿತ್ತು. ಪಾಸಾದರೆ ಲೆಫ್ಟಿನೆಂಟ್ ಆಗುವ ಅರ್ಹತೆ ಬರುತ್ತಿತ್ತು, ಅಷ್ಟೆ. ಕೆಲಸ ಸಿಗಬೇಕಾದರೆ ಮತ್ತೆ ವಶೀಲಿ ಬೇಕು. ಅಲ್ಲಿಂದ ಕಮಾಂಡರ್, ಆಮೇಲೆ ಪೂರ್ಣ ಕ್ಯಾಪ್ಟನ್. ಈ ಮೆಟ್ಟಿಲುಗಳಲ್ಲಿ ಸಾಮರ್ಥ್ಯ, ಅದೃಷ್ಟ, ಮೇಲಿನವರ ಪರಿಚಯ ಮೂರೂ ಕೆಲಸ ಮಾಡುತ್ತಿದ್ದವು.

ಕ್ಯಾಪ್ಟನ್ ಆದ ಮೇಲೆ ಆಟವೇ ಬೇರೆ. ಅಲ್ಲಿಂದ ಮೇಲಕ್ಕೆ ಬರೀ ಸೀನಿಯಾರಿಟಿ. ಪಟ್ಟಿಯಲ್ಲಿ ಹೆಸರು ಬಂದಿತೆಂದರೆ, ಮೇಲಿನವರು ಸಾಯಬೇಕು ಇಲ್ಲವೇ ಮುಂದೆ ಹೋಗಬೇಕು. ಆಗ ನೀನು ಒಂದು ಹೆಜ್ಜೆ ಮೇಲೆ. ಎಂಥ ಶೂರನೂ ಮುಂದಿನವನನ್ನು ಹಾರಿ ಹೋಗುವಂತಿರಲಿಲ್ಲ. ನಮ್ಮ ಸರ್ಕಾರಿ ಕಚೇರಿಗಳ ಸೀನಿಯಾರಿಟಿ ಪಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಚಿಕ್ಕ ವಯಸ್ಸಿನಲ್ಲೇ ಕ್ಯಾಪ್ಟನ್ ಆಗಿಬಿಡುವುದು ಎಲ್ಲಕ್ಕಿಂತ ಮುಖ್ಯ. ಆಮೇಲೆ ಆರೋಗ್ಯ ಚೆನ್ನಾಗಿದ್ದರೆ ಸಾಕು, ಅಡ್ಮಿರಲ್ ಪದವಿ ತಾನಾಗಿ ಬರುತ್ತಿತ್ತು.

ಕೀತ್‌ಗೆ ಆರಂಭದಲ್ಲೇ ಒಂದು ಅಡ್ಡಿ ಬಂತು. ಅವನು ಸೇರಿ ಎರಡು ವರ್ಷಕ್ಕೆ, 1763ರಲ್ಲಿ, ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧ ಮುಗಿಯಿತು. ಶಾಂತಿ ಅಂದರೆ ನೌಕಾಪಡೆಯವರಿಗೆ ಬರಗಾಲ. ಹಡಗುಗಳನ್ನು ಕಟ್ಟಿಹಾಕುತ್ತಾರೆ, ಬಡ್ತಿ ನಿಲ್ಲುತ್ತದೆ. 1767ರಲ್ಲಿ ಅವನು ಅಣ್ಣ ವಿಲಿಯಂ ಜೊತೆ ಕಂಪನಿಯ ಹಡಗಿನಲ್ಲಿ ಪೂರ್ವದ ಕಡೆ ಹೊರಟ. ಆಗ ಕೈಹಿಡಿದದ್ದು ಆ ಹಳೆಯ ದಂಗೆಕೋರ ಅಜ್ಜ. ವ್ಯಾಪಾರಕ್ಕೆಂದು 2,000 ಪೌಂಡ್ ಸಾಲ ಕೊಟ್ಟ. ಕಂಪನಿಯ ಹಡಗಿನ ಅಧಿಕಾರಿಗಳು ತಮ್ಮ ಸ್ವಂತ ಸರಕನ್ನೂ ಒಂದಿಷ್ಟು ಒಯ್ದು ಮಾರಲು ಅವಕಾಶವಿತ್ತು. ಇಪ್ಪತ್ತೊಂದರ ಹುಡುಗ ಆ ಒಂದೇ ಯಾನದಲ್ಲಿ ತನ್ನ ಸಂಪತ್ತಿಗೆ ಬುನಾದಿ ಹಾಕಿಕೊಂಡು ಬಂದ.

ಆಮೇಲೆ ಮತ್ತೆ ಯುದ್ಧನೌಕೆ. ಸ್ಕಾಟ್ಲೆಂಡಿನವನೇ ಆದ ಸರ್ ಜಾನ್ ಲಿಂಡ್ಸೆಯ ಜೊತೆ ಭಾರತದ ಕಡೆಯ ಸಮುದ್ರಕ್ಕೆ ಬಂದು, 1770ರಲ್ಲಿ ಲೆಫ್ಟಿನೆಂಟ್ ಆದ. 1772ರಲ್ಲಿ ಕಮಾಂಡರ್, 1775ರಲ್ಲಿ ಕ್ಯಾಪ್ಟನ್. ಆಗ ವಯಸ್ಸು 29. ಪಟ್ಟಿಯಲ್ಲಿ ಹೆಸರು ಬಂತು.

ಎಂಟು ಪಾಲಿನ ಲೆಕ್ಕ

ಕ್ಯಾಪ್ಟನ್ ಆದ ವರ್ಷವೇ ಅಮೆರಿಕದಲ್ಲಿ ಯುದ್ಧ ಶುರುವಾಯಿತು. ಪರ್ಸಿಯಸ್ ಎಂಬ ಸಣ್ಣ ಹಡಗಿನಲ್ಲಿ ಅವನು ಅಲ್ಲಿನ ಕರಾವಳಿಗೆ ಹೋದ. ಕೆಲಸ ಅಂದರೆ ಶತ್ರುಗಳ ವ್ಯಾಪಾರಿ ಹಡಗು, ಖಾಸಗಿ ದಾಳಿಕೋರ ಹಡಗು ಹಿಡಿಯುವುದು. ಇದು ದೇಶಸೇವೆಯಷ್ಟೇ ಆಗಿರಲಿಲ್ಲ, ಲಾಭದ ಕೆಲಸವೂ ಆಗಿತ್ತು.

ಹಿಡಿದ ಹಡಗನ್ನು ಬಂದರಿಗೆ ತಂದು, ಕೋರ್ಟ್ ಒಪ್ಪಿದ ಮೇಲೆ ಸರಕಿನ ಸಮೇತ ಮಾರುತ್ತಿದ್ದರು. ಬಂದ ಹಣವನ್ನು ಎಂಟು ಪಾಲು ಮಾಡುತ್ತಿದ್ದರು. ಮೂರು ಪಾಲು ಕ್ಯಾಪ್ಟನ್‌ದು. ಅದರಲ್ಲಿ ಒಂದನ್ನು ಅವನ ಮೇಲಿನ ಅಡ್ಮಿರಲ್‌ಗೆ ಬಿಡಬೇಕಿತ್ತು. ಮೂರು ಪಾಲು ನಡುವಿನ ಅಧಿಕಾರಿಗಳಿಗೂ ಕಿರಿಯ ಅಧಿಕಾರಿಗಳಿಗೂ ಹಂಚಿಹೋಗುತ್ತಿತ್ತು. ಉಳಿದ ಎರಡು ಪಾಲನ್ನು ನೂರಾರು ಖಲಾಸಿಗಳು ಹಂಚಿಕೊಳ್ಳಬೇಕು. ಅಡ್ಮಿರಲ್ ಆದವನು ಬಂದರಿನಲ್ಲಿ ಕೂತಿದ್ದರೂ ಸರಿ, ಅವನ ಕೈಕೆಳಗಿನ ಹಡಗು ಎಲ್ಲಿ ಏನು ಹಿಡಿದರೂ ಪಾಲು ಬರುತ್ತಿತ್ತು. ಈ ಲೆಕ್ಕವನ್ನು ನೆನಪಿಡಿ. ಯಾವ ಸಮುದ್ರಕ್ಕೆ ಯಾರು ಅಡ್ಮಿರಲ್ ಆಗಬೇಕು ಎಂಬ ಜಗಳದಲ್ಲಿ ಇದರ ಕೈವಾಡ ಬಹಳ. ಕೀತ್ ಅಂತೂ ಈ ಪದ್ಧತಿಯಿಂದ ತುಂಬಾ ಶ್ರೀಮಂತನಾದವರಲ್ಲಿ ಒಬ್ಬ.

1780ರಲ್ಲಿ ಚಾರ್ಲ್ಸ್‌ಟನ್ ಮುತ್ತಿಗೆಯಲ್ಲಿ ನಾವಿಕರನ್ನು ದಡಕ್ಕಿಳಿಸಿ ನೆಲದ ಮೇಲೆ ಹೋರಾಡಿದ. ಸೈನಿಕರ ಜೊತೆ ಸೇರಿ ದಡದ ಮೇಲೆ ಕೆಲಸ ಮಾಡುವ ಈ ಪರಿಪಾಠ ಮುಂದೆ ಅವನ ಗುರುತೇ ಆಯಿತು. 1781ರಲ್ಲಿ ವಾರ್ವಿಕ್ ಹಡಗಿನಿಂದ ಡಚ್ಚರ ರಾಟರ್‌ಡ್ಯಾಮ್ ಹಡಗನ್ನು ಹಿಡಿದ. ಮರುವರ್ಷ ಡೆಲವೇರ್ ನದೀಮುಖದಲ್ಲಿ ಏಗ್ಲ್ ಎಂಬ ಫ್ರೆಂಚ್ ಹಡಗನ್ನು ಅಟ್ಟಿಸಿಕೊಂಡು ಹೋಗಿ ಮರಳದಿಬ್ಬಕ್ಕೆ ಹತ್ತಿಸಿದ. ಅದರ ಕ್ಯಾಪ್ಟನ್ ಲಾತೂಶ್ ಹಡಗಿನ ಕಂಬ ಕಡಿದು, ತಳಕ್ಕೆ ತೂತು ಕೊರೆಸಿದ. ಆದರೂ ಇಂಗ್ಲಿಷರು ಎಬ್ಬಿಸಿ ತೇಲಿಸಿದರು. ಹಡಗಿನಲ್ಲಿದ್ದ ಹಣದ ಪೆಟ್ಟಿಗೆಗಳು ಮಾತ್ರ ಅಷ್ಟರಲ್ಲಿ ದಡ ಸೇರಿಬಿಟ್ಟಿದ್ದವು. ಕೀತ್ ಎಷ್ಟು ಕೈಕೈ ಹಿಸುಕಿಕೊಂಡಿರಬೇಕು!

ಮತ್ತೆ ಶಾಂತಿ ಬಂತು. 1783ರಿಂದ ಹತ್ತು ವರ್ಷ ದಡದಲ್ಲೇ ಇದ್ದ. ಹೀಗೆ ಹಡಗಿಲ್ಲದೆ ಕೂತ ಅಧಿಕಾರಿಗೆ ಅರ್ಧ ಸಂಬಳ. ಎಷ್ಟೋ ಕ್ಯಾಪ್ಟನ್‌ಗಳು ಅದರಲ್ಲೇ ಸವೆದುಹೋದರು. ಇವನ ಹತ್ತಿರ ದುಡ್ಡಿತ್ತು, ಪಾರ್ಲಿಮೆಂಟ್ ಸದಸ್ಯನೂ ಆಗಿದ್ದ. 1787ರಲ್ಲಿ ಜೇನ್ ಮರ್ಸರ್ ಎಂಬ ಜಮೀನ್ದಾರಿ ಮನೆಯ ಹೆಣ್ಣನ್ನು ಮದುವೆಯಾದ. ಮರುವರ್ಷ ಮಗಳು ಮಾರ್ಗರೆಟ್ ಹುಟ್ಟಿದಳು. ಅದರ ಮರುವರ್ಷ ಹೆಂಡತಿ ತೀರಿಕೊಂಡಳು.

ತೂಲಾನ್, ಕೇಪ್, ಮದ್ರಾಸ್

1793ರಲ್ಲಿ ಕ್ರಾಂತಿಯ ಫ್ರಾನ್ಸ್ ಜೊತೆ ಯುದ್ಧ ಶುರು. ಅಲ್ಲಿಂದ ಸುಮಾರು ಇಪ್ಪತ್ತೆರಡು ವರ್ಷ ಕೀತ್‌ಗೆ ಹೆಚ್ಚು ಬಿಡುವೇ ಇರಲಿಲ್ಲ.

ಫ್ರಾನ್ಸಿನ ತೂಲಾನ್ ಬಂದರಿನ ಜನ ಕ್ರಾಂತಿ ಸರ್ಕಾರದ ವಿರುದ್ಧ ತಿರುಗಿ ಬ್ರಿಟಿಷರನ್ನು ಒಳಗೆ ಕರೆದಿದ್ದರು. 74 ತೋಪುಗಳ ರೋಬಸ್ಟ್ ಹಡಗಿನ ಕ್ಯಾಪ್ಟನ್ ಆಗಿದ್ದ ಕೀತ್ ಸುಮಾರು 1,500 ಜನರೊಂದಿಗೆ ಇಳಿದು ಲಾ ಮಾಲ್ಗ್ ಕೋಟೆ ಹಿಡಿದ. ಮುತ್ತಿಗೆ ಹಾಕಿದ ಫ್ರೆಂಚ್ ಪಡೆಯಲ್ಲಿ ತೋಪು ನೋಡಿಕೊಳ್ಳುತ್ತಿದ್ದ 24ರ ಅಧಿಕಾರಿಯೊಬ್ಬನಿದ್ದ, ನೆಪೋಲಿಯನ್. ಡಿಸೆಂಬರ್‌ನಲ್ಲಿ ಅವನ ತೋಪುಗಳು ಬಂದರಿನ ಮೇಲೆ ತಿರುಗಿದಾಗ ಬ್ರಿಟಿಷರು ಗಂಟುಮೂಟೆ ಕಟ್ಟಿದರು. ಸೈನಿಕರನ್ನು ಸುರಕ್ಷಿತವಾಗಿ ಹಡಗು ಹತ್ತಿಸುವ ಜವಾಬ್ದಾರಿ ಕೀತ್‌ದು. ಇಬ್ಬರ ಹಾದಿ ಮೊದಲು ಅಡ್ಡ ಬಂದದ್ದು ಅಲ್ಲಿ. ಒಬ್ಬರಿಗೊಬ್ಬರ ಹೆಸರು ಗೊತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

1794ರಲ್ಲಿ ಸೀನಿಯಾರಿಟಿ ಕೈಹಿಡಿಯಿತು, ರಿಯರ್ ಅಡ್ಮಿರಲ್ ಆದ. ಮರುವರ್ಷ ಫ್ರೆಂಚರು ಹಾಲೆಂಡನ್ನು ನುಂಗಿದರು. ಹಾಲೆಂಡ್ ಕೈಯಲ್ಲಿದ್ದದ್ದು ಆಫ್ರಿಕದ ತುದಿಯ ಕೇಪ್. ಸೂಯೆಜ್ ಕಾಲುವೆ ಇನ್ನೂ ಇಲ್ಲದ ಕಾಲ ಅದು. ಯುರೋಪಿನಿಂದ ಭಾರತಕ್ಕೆ ಬರುವ ಪ್ರತಿ ಹಡಗೂ ಆ ತುದಿ ಸುತ್ತಿಕೊಂಡೇ ಬರಬೇಕು, ನೀರು ತರಕಾರಿ ಅಲ್ಲೇ ತುಂಬಿಸಿಕೊಳ್ಳಬೇಕು. ಅದು ಫ್ರೆಂಚರ ಕೈಗೆ ಹೋದರೆ ಕಂಪನಿಯ ಕತ್ತಿನ ಮೇಲೆ ಕಾಲಿಟ್ಟ ಹಾಗೆ. ಕೀತ್ 1795ರ ಜೂನ್‌ನಲ್ಲಿ ಅಲ್ಲಿಗೆ ಹೋದ. ಮೊದಲು ಮಾತುಕತೆ, ಅದು ಮುರಿದ ಮೇಲೆ ಆಗಸ್ಟ್ 7ಕ್ಕೆ ಮೈಜೆನ್‌ಬರ್ಗ್‌ನಲ್ಲಿ ಹಡಗುಗಳು ದಡದುದ್ದಕ್ಕೂ ಗುಂಡು ಹಾರಿಸುತ್ತ ಸಾಗಿದವು, ಸೈನಿಕರೂ ನಾವಿಕರೂ ದಡದ ಮೇಲೆ ಮುಂದುವರಿದರು. ಸೆಪ್ಟೆಂಬರ್ ಮಧ್ಯದಲ್ಲಿ ಡಚ್ಚರು ಶರಣಾದರು.

ಅಲ್ಲಿಂದ ಅವನು ಭಾರತದ ಕಡೆ ಬಂದು 1796ರ ಜನವರಿಯಲ್ಲಿ ಮದ್ರಾಸ್ ತಲುಪಿದ. ಮುಂದಿನ ತಿಂಗಳು ಕೊಲಂಬೊ ಕೂಡ ಬ್ರಿಟಿಷರ ವಶವಾಯಿತು. ಇತ್ತ ಕೇಪನ್ನು ವಾಪಸ್ ಪಡೆಯಲು ಡಚ್ಚರ ಅಡ್ಮಿರಲ್ ಲ್ಯೂಕಾಸ್ ಒಂಬತ್ತು ಹಡಗುಗಳೊಂದಿಗೆ ಹೊರಟು ಸಾಲ್ದಾನಾ ಕೊಲ್ಲಿಯಲ್ಲಿ ಲಂಗರು ಹಾಕಿದ. ಕೀತ್ ಕೇಪ್‌ಗೆ ಮರಳಿದ್ದವನು ಕೊಲ್ಲಿಯ ಬಾಯಿಗೆ ಬಂದು ನಿಂತ. ದಡದಲ್ಲಿ ಬ್ರಿಟಿಷ್ ಸೇನೆ ಬೇರೆ. 1796ರ ಆಗಸ್ಟ್ 17ರಂದು ಲ್ಯೂಕಾಸ್ ಯುದ್ಧವಿಲ್ಲದೆ ಇಡೀ ಪಡೆಯನ್ನು ಒಪ್ಪಿಸಿಬಿಟ್ಟ. ಒಂಬತ್ತು ಹಡಗು ಒಂದೇ ದಿನ! ನೆಲ್ಸನ್ ಹೀಗೆ ಗೆದ್ದಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದನೇನೋ. ಕೀತ್‌ಗೆ ಇದೇ ಸರಿ. ಬಿರುದು ಬಂದದ್ದೂ ಈ ಗೆಲುವಿನ ಬೆನ್ನಿಗೇ.

ಆ ಬಿರುದಿನಲ್ಲೂ ಒಂದು ತಮಾಷೆ ಇದೆ. 1797ರಲ್ಲಿ ಸಿಕ್ಕಿದ್ದು ಐರ್ಲೆಂಡಿನ ಬ್ಯಾರನ್ ಬಿರುದು. ಕೀತ್‌ಗೂ ಐರ್ಲೆಂಡಿಗೂ ಏನೇನೂ ಸಂಬಂಧವಿಲ್ಲ. ಆದರೆ ಐರಿಷ್ ಲಾರ್ಡ್ ಆದವನು ಲಂಡನ್ನಿನ ಮೇಲ್ಮನೆಗೆ ಹೋಗಬೇಕಾಗಿರಲಿಲ್ಲ, ಕೆಳಮನೆಗೆ ಚುನಾವಣೆಗೆ ನಿಲ್ಲಬಹುದಿತ್ತು. ಸರ್ಕಾರಕ್ಕೆ ಖರ್ಚಿಲ್ಲದ ಉಡುಗೊರೆ, ಪಡೆದವನಿಗೆ ಬಿರುದೂ ಆಯಿತು, ಸೀಟೂ ಉಳಿಯಿತು.

ಅದೇ ವರ್ಷ ಸ್ಪಿಟ್‌ಹೆಡ್ ಮತ್ತು ನೋರ್ ಎಂಬ ಎರಡು ಕಡೆ ನಾವಿಕರೇ ದಂಗೆ ಎದ್ದರು. ನೂರು ವರ್ಷಕ್ಕೂ ಮೇಲೆ ಅವರ ಸಂಬಳ ಏರಿರಲಿಲ್ಲ. ಸ್ಪಿಟ್‌ಹೆಡ್‌ನಲ್ಲಿ ಬೇಡಿಕೆ ಒಪ್ಪಿದರು, ನೋರ್‌ನಲ್ಲಿ ನಾಯಕ ರಿಚರ್ಡ್ ಪಾರ್ಕರ್‌ನನ್ನು ನೇಣಿಗೆ ಹಾಕಿದರು. ನೋರ್‌ನ ಗಲಾಟೆ ಸಂಭಾಳಿಸಲು ಕಳಿಸಿದವರಲ್ಲಿ ಕೀತ್ ಕೂಡ ಇದ್ದ.

ಮೆಡಿಟರೇನಿಯನ್‌ನ ಕೆಟ್ಟ ವರ್ಷ

1799ರ ಏಪ್ರಿಲ್‌ನಲ್ಲಿ ಫ್ರೆಂಚ್ ಅಡ್ಮಿರಲ್ ಬ್ರೂಯಿ ಬ್ರೆಸ್ಟ್ ಬಂದರಿನಿಂದ ತಪ್ಪಿಸಿಕೊಂಡು ಮೆಡಿಟರೇನಿಯನ್‌ಗೆ ನುಗ್ಗಿದ. ಕೀತ್ ಆಗ ಸೇಂಟ್ ವಿನ್ಸೆಂಟ್ ಕೈಕೆಳಗೆ ಎರಡನೆಯವನು. ತಿಂಗಳುಗಟ್ಟಲೆ ಅಟ್ಟಿಸಿಕೊಂಡು ಹೋದರೂ ಬ್ರೂಯಿ ಸಿಗಲಿಲ್ಲ, ಸ್ಪೇನಿನ ಹಡಗುಗಳನ್ನೂ ಕೂಡಿಸಿಕೊಂಡು ಬ್ರೆಸ್ಟ್‌ಗೆ ವಾಪಸ್ ಸೇರಿಕೊಂಡ. ದೊಡ್ಡ ಕಾಳಗಕ್ಕೆ ಕೀತ್‌ಗೆ ಸಿಕ್ಕಿದ್ದ ಒಂದೇ ಅವಕಾಶ ಅದು. ಇದರ ನಡುವೆ ನೆಲ್ಸನ್‌ನ ತಲೆನೋವು ಬೇರೆ. ಮಿನೋರ್ಕ ದ್ವೀಪದ ರಕ್ಷಣೆಗೆ ಹಡಗು ಕಳಿಸು ಎಂದು ಕೀತ್ ಆಜ್ಞೆ ಕಳಿಸಿದ. ನೇಪಲ್ಸ್‌ನಲ್ಲಿದ್ದ ನೆಲ್ಸನ್ ಆಗೋದಿಲ್ಲ ಎಂದುಬಿಟ್ಟ. ಒಂದು ಸಲ ಅಲ್ಲ, ಮತ್ತೆ ಮತ್ತೆ. ನೈಲ್ ಕಾಳಗದಲ್ಲಿ ಫ್ರೆಂಚ್ ನೌಕಾಪಡೆಯನ್ನು ಸೋಲಿಸಿದ್ದ ವೀರನಿಗೆ ಯಾರು ಏನು ಮಾಡಿಯಾರು? ಮೇಲಿನಿಂದ ಒಂದು ಮೆತ್ತನೆಯ ಛೀಮಾರಿ ಬಂತು, ಅಷ್ಟೆ.

ಆ ವರ್ಷದ ಕೊನೆಗೆ ಕೀತ್ ಮುಖ್ಯಸ್ಥನಾದ. 1800ರ ಮಾರ್ಚ್ 17ರಂದು ಅವನು ಇಟಲಿಯ ಲಿವೊರ್ನೊ ಊರಿನಲ್ಲಿ ದಡದಲ್ಲಿದ್ದ. ಹೊರಗೆ ಸಮುದ್ರದಲ್ಲಿ ಅವನದೇ ಧ್ವಜನೌಕೆ, ನೂರು ತೋಪುಗಳ ಕ್ವೀನ್ ಷಾರ್ಲಟ್, ಹೊತ್ತಿಕೊಂಡಿತು. ಉರಿಯುವ ಬತ್ತಿ ಇಡುತ್ತಿದ್ದ ತೊಟ್ಟಿಯ ಮೇಲೆ ಹುಲ್ಲು ಬಿದ್ದದ್ದೇ ಕಾರಣ ಎನ್ನುತ್ತಾರೆ. 600ಕ್ಕೂ ಹೆಚ್ಚು ಜನ ಸತ್ತರು. ಅಣ್ಣ ಚಾರ್ಲ್ಸ್ ಹೋಗಿದ್ದೂ ಹೀಗೆಯೇ, ಅಲ್ವಾ? ನಲವತ್ತೆರಡು ವರ್ಷದ ನಂತರ ತಮ್ಮ ದಡದಲ್ಲಿ ಇದ್ದದ್ದರಿಂದ ಉಳಿದುಕೊಂಡ.

ಅದೇ ವಸಂತದಲ್ಲಿ ಜಿನೋವಾ ಮುತ್ತಿಗೆ. ನೆಲದ ಮೇಲೆ ಆಸ್ಟ್ರಿಯನ್ನರು, ನೀರಿನಲ್ಲಿ ಕೀತ್. ಊರು ಉಪವಾಸ ಬಿದ್ದು ಜೂನ್ 4ಕ್ಕೆ ಫ್ರೆಂಚ್ ಸೇನಾನಿ ಮಸೇನಾ ಒಪ್ಪಂದಕ್ಕೆ ಬಂದ. ಹತ್ತೇ ದಿನದಲ್ಲಿ ನೆಪೋಲಿಯನ್ ಮರೆಂಗೊದಲ್ಲಿ ಗೆದ್ದ, ಜಿನೋವಾ ಮತ್ತೆ ಫ್ರೆಂಚರ ಕೈಗೆ. ತಿಂಗಳುಗಳ ಕಾವಲು ನೀರಿನಲ್ಲಿ ಹೋಮ. ಅಕ್ಟೋಬರ್‌ನಲ್ಲಿ ಕಾಡಿಜ್ ಮೇಲೆ ಸೈನ್ಯ ಇಳಿಸಲು ಹೋದರೆ ಊರಲ್ಲಿ ಸಾಂಕ್ರಾಮಿಕ ಜ್ವರ, ಕೆಟ್ಟ ಲಂಗರು ಜಾಗ. ಸುಮ್ಮನೆ ವಾಪಸ್.

ಇನ್ನೊಂದು ಎಡವಟ್ಟು ಕಾಗದದ್ದು. ನೆಪೋಲಿಯನ್ ಒಯ್ದು ಬಿಟ್ಟುಬಂದು ಈಜಿಪ್ಟಿನಲ್ಲಿ ಸಿಕ್ಕಿಕೊಂಡಿದ್ದ ಫ್ರೆಂಚ್ ಸೇನೆಯನ್ನು ಊರಿಗೆ ಹೋಗಲು ಬಿಡುತ್ತೇವೆ ಎಂಬ ಒಪ್ಪಂದ 1800ರ ಜನವರಿಯಲ್ಲಿ ಎಲ್ ಅರಿಶ್‌ನಲ್ಲಿ ತುರ್ಕರ ಜೊತೆ ಆಗಿತ್ತು. ಬ್ರಿಟಿಷ್ ಕಡೆಯಿಂದ ಅದಕ್ಕೆ ಓಡಾಡಿದವನು ನೌಕಾಧಿಕಾರಿ ಸಿಡ್ನಿ ಸ್ಮಿತ್. ಲಂಡನ್ನಿನ ಆಜ್ಞೆ ಬೇರೆಯೇ ಇತ್ತು. ಅದರಂತೆ ಕೀತ್ ಫ್ರೆಂಚ್ ಸೇನಾನಿ ಕ್ಲೆಬೆರ್‌ಗೆ ಪತ್ರ ಬರೆದ: ಯುದ್ಧಕೈದಿಗಳಾಗಿ ಶರಣಾಗಿ, ಬೇರೆ ಮಾತಿಲ್ಲ. ಕ್ಲೆಬೆರ್ ಆ ಪತ್ರವನ್ನು ಅಚ್ಚು ಹಾಕಿಸಿ ತನ್ನ ಸೈನಿಕರಿಗೆ ಹಂಚಿದ. ಇಂಥ ಉದ್ಧಟತನಕ್ಕೆ ಗೆಲುವೇ ಉತ್ತರ ಎಂದ. ಮಾರ್ಚ್‌ನಲ್ಲಿ ಹೀಲಿಯೊಪೊಲಿಸ್‌ನಲ್ಲಿ ತುರ್ಕರನ್ನು ಸದೆಬಡಿದ. ಲಂಡನ್ನಿನವರು ಆಮೇಲೆ ಮನಸ್ಸು ಬದಲಿಸಿದರು. ಕಾಗದ ಹಡಗಿನಲ್ಲಿ ಓಡಾಡುವ ಕಾಲದಲ್ಲಿ ಮನಸ್ಸು ಬದಲಿಸಿದ ಸುದ್ದಿ ಬರುವಷ್ಟರಲ್ಲಿ ಹೆಣ ಬಿದ್ದಿರುತ್ತವೆ.

ಈಜಿಪ್ಟಿನ ದಡ, ಶ್ರೀರಂಗಪಟ್ಟಣದ ಎಳೆ

ಕೀತ್‌ನ ಅತ್ಯುತ್ತಮ ಕೆಲಸ ಬಂದದ್ದು ಈ ಎಡವಟ್ಟನ್ನು ತೊಳೆಯುವಾಗ. ಕ್ಲೆಬೆರ್ ಕೊಲೆಯಾಗಿದ್ದ, ಫ್ರೆಂಚ್ ಸೇನೆ ಮಾತ್ರ ಈಜಿಪ್ಟಿನಲ್ಲೇ ಇತ್ತು. ಅದನ್ನು ಓಡಿಸಲು ಬ್ರಿಟಿಷ್ ಸೇನೆ ಹೊರಟಿತು. ಸೇನಾಪತಿ ಸರ್ ರಾಲ್ಫ್ ಅಬರ್‌ಕ್ರೊಂಬಿ, ಅವನೂ ಸ್ಕಾಟ್ಲೆಂಡಿನವ.

ತೆರೆದ ಸಮುದ್ರದಿಂದ, ಶತ್ರು ಕಾಯುತ್ತಿರುವ ಮರಳದಂಡೆಗೆ ಸೈನ್ಯ ಇಳಿಸೋದು ಎಷ್ಟು ಕಷ್ಟ ಅನ್ನೋದು ಹಡಗು ಗೊತ್ತಿಲ್ಲದವರಿಗೆ ಹೊಳೆಯುವುದಿಲ್ಲ. ದೊಡ್ಡ ಹಡಗು ದಡಕ್ಕೆ ಹತ್ತಿರ ಬರಲಾರದು, ತಳ ತಾಗುತ್ತದೆ. ಸೈನಿಕರನ್ನು ಚಪ್ಪಟೆ ತಳದ ದೋಣಿಗಳಿಗೆ ಇಳಿಸಬೇಕು. ಒಂದು ದೋಣಿಗೆ ಐವತ್ತು ಜನ, ಮೊಣಕಾಲ ನಡುವೆ ಬಂದೂಕು ಹಿಡಿದು ಒತ್ತೊತ್ತಾಗಿ ಕೂರಬೇಕು. ದೋಣಿಗಳೆಲ್ಲ ಒಂದೇ ಸಾಲಿನಲ್ಲಿ ಹೋಗಬೇಕು. ಮುಂದೆ ಹೋದ ದೋಣಿ ಒಂಟಿಯಾಗಿ ಗುಂಡಿಗೆ ಸಿಗುತ್ತದೆ. ಒಂದು ದೋಣಿ ತಪ್ಪಾದ ಜಾಗಕ್ಕೆ ಹೋದರೆ ಒಂದು ರೆಜಿಮೆಂಟೇ ಚೆಲ್ಲಾಪಿಲ್ಲಿ.

ಹಾಗಾಗಿ ತುರ್ಕಿಯ ಮಾರ್ಮರಿಸ್ ಕೊಲ್ಲಿಯಲ್ಲಿ ವಾರಗಟ್ಟಲೆ ತಾಲೀಮು ನಡೆಸಿದರು. ಯಾರು ಯಾವ ದೋಣಿ, ಯಾವ ಸಾಲು, ಯಾವ ಸಂಕೇತಕ್ಕೆ ಏನು ಮಾಡಬೇಕು ಎಲ್ಲ ಬಾಯಿಪಾಠ ಆಗುವವರೆಗೆ. ದೋಣಿಗಳ ಉಸ್ತುವಾರಿ ಕ್ಯಾಪ್ಟನ್ ಅಲೆಕ್ಸಾಂಡರ್ ಕೊಕ್ರೇನ್‌ದು. ಅವನೂ ಸ್ಕಾಟ್, ಅರ್ಲ್ ಮನೆಯ ಕಿರಿಮಗ. (ಈ ಹೆಸರು ನೆನಪಿರಲಿ, ಕೊನೆಗೆ ಇನ್ನೊಂದು ಸಲ ಬರುತ್ತಾನೆ.) ಮಾರ್ಚ್ ಆರಂಭಕ್ಕೆ ಅಬೂಕಿರ್ ಕೊಲ್ಲಿಗೆ ಬಂದರೆ ಗಾಳಿ ಎದ್ದು ಸುಮಾರು ಒಂದು ವಾರ ದೋಣಿ ಇಳಿಸಲಾಗಲಿಲ್ಲ. ಅಷ್ಟರಲ್ಲಿ ಫ್ರೆಂಚರು ದಿಬ್ಬದ ಮೇಲೆ ತೋಪು ಹೂಡಿ ಸಜ್ಜಾದರು. 1801ರ ಮಾರ್ಚ್ 8ರ ಬೆಳಿಗ್ಗೆ 5,000ಕ್ಕೂ ಹೆಚ್ಚು ಸೈನಿಕರು ಒಂದೇ ಅಲೆಯಲ್ಲಿ ಹೊರಟರು. ಗುಂಡಿನ ಮಳೆಯಲ್ಲಿ ಕೆಲವು ದೋಣಿ ಮುಳುಗಿದವು. ಉಳಿದವರು ದಡ ಮುಟ್ಟಿ ಮರಳದಿಬ್ಬ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ದಂಡೆ ಅವರದಾಗಿತ್ತು.

ಆಮೇಲಿನ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನೀರು, ಬಿಸ್ಕತ್ತು, ಮದ್ದುಗುಂಡು ದಿನಾ ದಡಕ್ಕೆ ಸಾಗಿಸಬೇಕು, ಗಾಯಾಳುಗಳನ್ನು ಹಡಗಿಗೆ ತರಬೇಕು. ಅಬರ್‌ಕ್ರೊಂಬಿಯೇ ಮಾರ್ಚ್ 21ರ ಕಾಳಗದಲ್ಲಿ ಗಾಯಗೊಂಡು, ಕೀತ್‌ನ ಧ್ವಜನೌಕೆ ಫೂದ್ರೊಯಾಂತ್‌ನಲ್ಲಿ ಒಂದು ವಾರದ ನಂತರ ಪ್ರಾಣ ಬಿಟ್ಟ. ಕೈರೊ ಜೂನ್‌ನಲ್ಲಿ, ಅಲೆಕ್ಸಾಂಡ್ರಿಯ ಸೆಪ್ಟೆಂಬರ್ ಆರಂಭದಲ್ಲಿ ಶರಣಾದವು. ಅಲೆಕ್ಸಾಂಡ್ರಿಯದ ಕರಾರಿನ ಪ್ರಕಾರವೇ ಫ್ರೆಂಚರ ಕೈಯಲ್ಲಿದ್ದ ರೊಸೆಟ್ಟಾ ಶಿಲೆ ಬ್ರಿಟಿಷರಿಗೆ ಹೋಯಿತು.

ಇಲ್ಲಿ ನಮ್ಮ ಕಡೆಯ ಎಳೆಯೊಂದಿದೆ. ನೆಪೋಲಿಯನ್ ಈಜಿಪ್ಟಿನಿಂದ 1799ರ ಜನವರಿಯಲ್ಲಿ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ. ಅದು ಟಿಪ್ಪು ಕೈ ಸೇರಲಿಲ್ಲ. ಆ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಯ ಒಡಕಿಗೆ ನುಗ್ಗಿದ ಪಡೆಯ ಮುಂದಿದ್ದವನು ಸ್ಕಾಟ್ಲೆಂಡಿನ ಡೇವಿಡ್ ಬೇರ್ಡ್. ಅದೇ ಶ್ರೀರಂಗಪಟ್ಟಣದಲ್ಲಿ 1780ರಿಂದ 1784ರವರೆಗೆ ಸೆರೆಯಲ್ಲಿ ಕೊಳೆತಿದ್ದವನು. ಎರಡು ವರ್ಷದ ನಂತರ ಇದೇ ಬೇರ್ಡ್ ಭಾರತದ ಸಿಪಾಯಿಗಳೂ ಇದ್ದ ಸೇನೆಯನ್ನು ಹಡಗಿನಲ್ಲಿ ಕೆಂಪು ಸಮುದ್ರಕ್ಕೆ ಒಯ್ದು, ಕೊಸೆಯಿರ್‌ನಿಂದ ಮರುಭೂಮಿ ದಾಟಿಸಿ, ನೈಲ್ ನದಿಗುಂಟ ಕೆಳಗಿಳಿದ. ಕೀತ್‌ನ ಹಡಗುಗಳು ಉತ್ತರದಿಂದ, ಭಾರತದ ಸಿಪಾಯಿಗಳು ದಕ್ಷಿಣದಿಂದ. ಅವರು ತಲುಪುವ ಹೊತ್ತಿಗೆ ಯುದ್ಧ ಹೆಚ್ಚುಕಡಿಮೆ ಮುಗಿದಿತ್ತು.

ಕೈಗೆ ಕಾಗದ ಸಿಗದ ಹಾಗೆ ಓಡಿದ ಅಡ್ಮಿರಲ್

1803ರಿಂದ ಉತ್ತರ ಸಮುದ್ರ ಅವನ ಕಾವಲಿಗೆ ಬಂತು. ನೆಪೋಲಿಯನ್ ಇಂಗ್ಲೆಂಡಿಗೆ ನುಗ್ಗಲು ಬುಲೋನ್‌ನಲ್ಲಿ ದೋಣಿ ಕೂಡಿಸುತ್ತಿದ್ದ. ವರ್ಷಗಟ್ಟಲೆ ಕಾವಲು, ಬೇಸರದ ಕೆಲಸ. 1808ರಲ್ಲಿ 62ನೇ ವಯಸ್ಸಿನಲ್ಲಿ ಮತ್ತೆ ಮದುವೆಯಾದ. ವಧು 43ರ ಹೆಸ್ಟರ್ ಥ್ರೇಲ್, ಚಿಕ್ಕಂದಿನಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಮುದ್ದು ಮಾಡಿ ಪಾಠ ಹೇಳಿದ್ದ ಹುಡುಗಿ.

1812ರಲ್ಲಿ ಇಂಗ್ಲಿಷ್ ಕಾಲುವೆಯ ಪಡೆಗೆ ಮುಖ್ಯಸ್ಥನಾದ. 1815ರ ಜುಲೈ 15ರಂದು, ವಾಟರ್‌ಲೂನಲ್ಲಿ ಸೋತ ನೆಪೋಲಿಯನ್ ಅವನ ಕೈಕೆಳಗಿನ ಬೆಲರೊಫಾನ್ ಹಡಗಿಗೆ ಬಂದು ಶರಣಾದ. ಹಡಗು ಪ್ಲಿಮತ್‌ಗೆ ಬಂತು. ನೋಡಲು ಸಾವಿರಾರು ಜನ ದೋಣಿ ಹತ್ತಿ ಬಂದರು. ಜುಲೈ 31ರಂದು ಕೀತ್, ಸರ್ ಹೆನ್ರಿ ಬನ್‌ಬರಿ ಜೊತೆ ಹೋಗಿ ಸರ್ಕಾರದ ತೀರ್ಮಾನ ತಿಳಿಸಿದ. ಚಕ್ರವರ್ತಿ ಅನ್ನುವ ಹಾಗಿಲ್ಲ, ಜನರಲ್ ಬೊನಾಪಾರ್ಟ್ ಅಂತಲೇ ಕರೆಯಬೇಕಿತ್ತು. ನೆಪೋಲಿಯನ್ ಬಹಳ ಹೊತ್ತು ವಾದಿಸಿದ.

ಕೀತ್ ಮೇಲೆ ಆ ಮನುಷ್ಯನ ಒಂದು ಋಣವೂ ಇತ್ತು. ವಾಟರ್‌ಲೂ ಹಿಂದಿನ ದಿನ ಗಾಯಗೊಂಡು ಸೆರೆಸಿಕ್ಕ ಅವನ ಅಣ್ಣನ ಮಗನಿಗೆ ನೆಪೋಲಿಯನ್ ವೈದ್ಯರಿಂದ ಚಿಕಿತ್ಸೆ ಮಾಡಿಸಿ, ಕುಡಿಯಲು ವೈನ್ ಕೊಡಿಸಿದ್ದ. ಕೀತ್ ಅದಕ್ಕೆ ಧನ್ಯವಾದ ಹೇಳಿದ. ಗಡೀಪಾರಿನ ಆದೇಶವನ್ನು ಮಾತ್ರ ಸಡಿಲಿಸಲಿಲ್ಲ.

ಅಷ್ಟರಲ್ಲಿ ಮೆಕೆನ್‌ರಾಟ್ ಎಂಬಾತ ಲಂಡನ್ನಿನಿಂದ ಓಡಿಬಂದ. ಅವನ ಮೇಲೆ ಅಡ್ಮಿರಲ್ ಕೊಕ್ರೇನ್ ಮಾನನಷ್ಟ ಮೊಕದ್ದಮೆ ಹೂಡಿದ್ದ. ಹೌದು, ಈಜಿಪ್ಟಿನ ದೋಣಿಗಳನ್ನು ನೋಡಿಕೊಂಡಿದ್ದ ಅದೇ ಕೊಕ್ರೇನ್. ತನ್ನ ಕೇಸಿಗೆ ನೆಪೋಲಿಯನ್ ಸಾಕ್ಷಿ ಬೇಕು ಎಂದು ಮೆಕೆನ್‌ರಾಟ್ ಕೋರ್ಟಿನಿಂದ ಸಮನ್ಸ್ ತಂದಿದ್ದ. ಅದನ್ನು ಕೀತ್ ಕೈಗೆ ಮುಟ್ಟಿಸಿಬಿಟ್ಟರೆ ನೆಪೋಲಿಯನ್‌ನನ್ನು ದೇಶದಿಂದ ಆಚೆ ಕಳಿಸುವುದು ಕಾನೂನಿನ ತೊಡಕಾಗುತ್ತಿತ್ತು. ಹಾಗಾಗಿ ಅರವತ್ತೊಂಬತ್ತರ ಅಡ್ಮಿರಲ್ ಮನೆಯಿಂದ ಜಾಗ ಖಾಲಿ ಮಾಡಿ ತನ್ನ ಧ್ವಜನೌಕೆ ಟೊನ್ನಾಂಟ್ ಹತ್ತಿದ. ಆ ಮನುಷ್ಯ ದೋಣಿ ಮಾಡಿಕೊಂಡು ಅಲ್ಲಿಗೂ ಬಂದ. ಕೀತ್ ತನ್ನ ದೋಣಿ ಹತ್ತಿ ಬೇರೆ ಹಡಗಿನತ್ತ ಹುಟ್ಟುಹಾಕಿಸಿದ. ನೂರಾರು ತೋಪುಗಳ ಒಡೆಯ, ಒಂದು ಕಾಗದಕ್ಕೆ ಹೆದರಿ ದಿನವಿಡೀ ನೀರಿನ ಮೇಲೆ ಕಣ್ಣುಮುಚ್ಚಾಲೆ ಆಡಿದ. ಬೆಲರೊಫಾನ್ ಅವಸರದಲ್ಲಿ ಬಂದರು ಬಿಟ್ಟಿತು. ಆಗಸ್ಟ್ 7ರಂದು ನೆಪೋಲಿಯನ್‌ನನ್ನು ನಾರ್ತಂಬರ್‌ಲ್ಯಾಂಡ್ ಹಡಗಿಗೆ ಹತ್ತಿಸಿ ಕಳಿಸಿದರು.

ಮನೆಯ ಸಂಬಂಧ ಅಲ್ಲಿಗೂ ಕಡಿಯಲಿಲ್ಲ. ಆ ಗಾಯಾಳು ಹುಡುಗನ ಅಣ್ಣ ಚೀನಾದ ಕ್ಯಾಂಟನ್‌ನಲ್ಲಿ ಕಂಪನಿಯ ದೊಡ್ಡ ಅಧಿಕಾರಿ. ತಮ್ಮನನ್ನು ಉಳಿಸಿದ್ದಕ್ಕೆ ಸೇಂಟ್ ಹೆಲೆನಾಗೆ ದಂತದ ಚದುರಂಗ ಕಳಿಸಿದ. ಕಾಯಿಗಳ ಮೇಲೆ ಕಿರೀಟ, ನೆಪೋಲಿಯನ್ ಹೆಸರಿನ ಮೊದಲಕ್ಷರ. ಜನರಲ್ ಅನ್ನಬೇಕಾದವನಿಗೆ ಕಿರೀಟವೇ ಎಂದು ಅಲ್ಲಿನ ಗವರ್ನರ್ ಹಡ್ಸನ್ ಲೋ ತಲೆ ಕೆಡಿಸಿಕೊಂಡ.

ಅಂದಹಾಗೆ ಈ ಮನೆತನದ ಹೆಸರು ನಮಗೆ ಗೊತ್ತಿರೋದು ಮುಂಬೈಯಿಂದ. ಅಲ್ಲಿ ಗವರ್ನರ್ ಆಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಕೀತ್‌ನ ಹಿರಿಯಣ್ಣನ ಮಗ. ಲೋಕಲ್ ಟ್ರೈನಿನ ಎಲ್ಫಿನ್‌ಸ್ಟನ್ ರೋಡ್, ಅಂದರೆ ಈಗಿನ ಪ್ರಭಾದೇವಿ ಸ್ಟೇಷನ್, ಹೆಸರು ಪಡೆದದ್ದು ಅದೇ ಅಣ್ಣನ ಮೊಮ್ಮಗನಿಂದ. 1842ರಲ್ಲಿ ಕಾಬೂಲ್‌ನಿಂದ ಹಿಂದೆ ಸರಿಯುವಾಗ ಸೇನೆಯನ್ನೇ ಕಳೆದುಕೊಂಡ ಜನರಲ್ ಎಲ್ಫಿನ್‌ಸ್ಟನ್, ಕಂಪನಿ ಹಡಗಿನ ವಿಲಿಯಂನ ಮಗ.

ಕೀತ್‌ಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಬ್ಯಾರನ್ ಬಿರುದು ಮಗಳಿಗೆ ಹೋಗುವಂತೆ ವಿಶೇಷ ಏರ್ಪಾಡು ಮಾಡಿಸಿಕೊಂಡಿದ್ದ. ಆ ಮಗಳು ಮಾರ್ಗರೆಟ್ 1817ರಲ್ಲಿ ಮದುವೆಯಾದಳು. ಹುಡುಗ ಫ್ರೆಂಚ್ ಜನರಲ್ ಫ್ಲಾಹೊ. ವಾಟರ್‌ಲೂನಲ್ಲಿ ನೆಪೋಲಿಯನ್ ಪಕ್ಕದಲ್ಲೇ ಇದ್ದ ಅವನ ಆಪ್ತ ಸಹಾಯಕ ಸೇನಾಧಿಕಾರಿ. ಅಪ್ಪ ಕೆಂಡಾಮಂಡಲವಾದ. ಮಗಳು ಕೇಳಲಿಲ್ಲ.

1823ರ ಮಾರ್ಚ್ 10ರಂದು ತಾನೇ ಕಟ್ಟಿಸಿದ ಟುಲಿಯಾಲನ್ ಮನೆಯಲ್ಲಿ ಕೀತ್ ತೀರಿಕೊಂಡ. ಬಿರುದು ಮಾರ್ಗರೆಟ್‌ಗೆ ಬಂತು. ಅವಳಿಗೂ ಬಿರುದು ಮುಂದುವರಿಸಲು ಗಂಡುಮಕ್ಕಳಿಲ್ಲದೆ 1867ರಲ್ಲಿ ಅದು ಅಳಿಯಿತು. ಟುಲಿಯಾಲನ್‌ನಲ್ಲಿ ಈಗ ಸ್ಕಾಟ್ಲೆಂಡಿನ ಪೊಲೀಸರಿಗೆ ತರಬೇತಿ ಕೊಡುತ್ತಾರೆ.